ಸುಲೋಚನತ್ತಿಗೆಯನ್ನು ಕಳಿಸಿಕೊಟ್ಟದ್ದು

ಅತ್ತಿಗೆ ಅಣ್ಣನ ತಟ್ಟೆಯನ್ನು ಎತ್ತಿಕೊಂಡು ಜಾಲಿ ಬಾಗಿಲ ಬಳಿಗೆ ಹೋಗಿ ನೆಲದ ಮೇಲೆ ಕುಳಿತಳು. ತಟ್ಟೆಯಲ್ಲಿ ಅನ್ನ, ತೊಂಡೆಕಾಯಿ ಪಲ್ಯ, ಸೌತೆಕಾಯಿ ಹುಳಿ ಎಲ್ಲ ಬಡಿಸಿದ ಹಾಗೆಯೇ ಇತ್ತು. ಉಪ್ಪಿನಕಾಯಿಯನ್ನು ಬೆರಳಿನಿಂದ ಬದಿಗೆ ಸರಿಸಿ, ಉಳಿದದ್ದನ್ನು ಕಲಸಿ ಉಂಡೆ ಮಾಡಿ, ಕಬ್ಬಿಣದ ಸರಳುಗಳ ನಡುವಿನಿಂದ ಹೊರಗೆ ಹಿಡಿದಳು. ನಮ್ಮ ಹೌಸಿಂಗ್ ಸೊಸೈಟಿಯೊಳಗೆ ತಿರುಗಾಡುವ ಬಿಳಿ ದನ ಆ ಹೊತ್ತಿಗೆ ಸರಿಯಾಗಿ ಬಂದು ನಿಂತಿರುತ್ತಿತ್ತು. ಅಮ್ಮ ದೇವರ ಬತ್ತಿ ಹೊಸೆಯುತ್ತ ನೋಡಿದಳು. ನಾನು ಲೋಟ ಒರೆಸುತ್ತ ನೋಡಿದೆ. ದನ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

ನಮ್ಮ ಅಣ್ಣ ಸದಾಶಿವನದು ಹೋಟೆಲು. ವಡೋದರಾದ ಮಂಜಲ್‌ಪುರದಲ್ಲಿ, ಮಕರ್‌ಪುರದ ಕಾರ್ಖಾನೆಗಳಿಗೆ ಹೋಗುವ ರಸ್ತೆಯಲ್ಲಿ ಅದು ಇತ್ತು. ಇಡ್ಲಿ, ದೋಸೆ, ಮಧ್ಯಾಹ್ನದ ಊಟ. ಗಿರಾಕಿಗಳೆಲ್ಲ ಅವನನ್ನು 'ಅನ್ನಾ' ಎಂದೇ ಕರೆಯುತ್ತಿದ್ದರು. ಯಾರ ಮಗುವಿಗೆ ಜ್ವರ, ಯಾರ ಮನೆಯಲ್ಲಿ ಮದುವೆ ಎಂದು ನೆನಪಿಟ್ಟು ಕೇಳುತ್ತಿದ್ದ. ಜೋರಾಗಿ ನಗುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಊರಿನಿಂದ ಅಮ್ಮನನ್ನೂ ನನ್ನನ್ನೂ ಇಲ್ಲಿಗೆ ಕರೆಸಿಕೊಂಡವನು ಅವನೇ. ನನ್ನ ಶಾಲೆ ಎಂಟನೆಯ ತರಗತಿಗೆ ನಿಂತಿತ್ತು. ಇಲ್ಲಿ ಗುಜರಾತಿ ಶಾಲೆಗೆ ಸೇರಲು ನನಗೆ ನಾಚಿಕೆಯಾಯಿತು, ಮನೆಯಲ್ಲೇ ಉಳಿದೆ. ಅವನ ಅನ್ನ ಉಂಡಿದ್ದೇನೆ, ಅದನ್ನು ಇಲ್ಲವೆನ್ನುವುದಿಲ್ಲ.

ಅತ್ತಿಗೆಯ ಮೇಲೆ ಸಿಟ್ಟು ಬಂದಾಗ ಅಣ್ಣ ಕೂಗುತ್ತಿರಲಿಲ್ಲ. ಹೋಟೆಲಿನಿಂದ ಊಟದ ಕ್ಯಾರಿಯರ್ ತರುತ್ತಿದ್ದ. ಮೊದಲು ಅವಳ ಕೈಯಿಂದ ತಟ್ಟೆಗೆ ಎಲ್ಲವನ್ನೂ ಬಡಿಸಿಕೊಳ್ಳುತ್ತಿದ್ದ. ಆಮೇಲೆ ಆ ತಟ್ಟೆಯನ್ನು ಪಕ್ಕಕ್ಕಿಟ್ಟು ಕ್ಯಾರಿಯರ್ ಬಿಚ್ಚಿ ಉಣ್ಣುತ್ತಿದ್ದ. ಅವನು ಉಂಡು ಏಳುವವರೆಗೆ ಅವಳು ಪಕ್ಕದಲ್ಲಿ ನಿಂತಿರಬೇಕು. ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದ.

"ವೇಣಿ, ಅವಳಿಗೆ ಹೇಳು, ನೀರು ಬೇಕು ಅಂತ."

ಅತ್ತಿಗೆ ಚೊಂಬು ಹಿಡಿದು ಅಲ್ಲೇ ಇರುತ್ತಿದ್ದಳು. ನಾನು ತಿರುಗಿ, "ಅತ್ತಿಗೆ, ಅಣ್ಣನಿಗೆ ನೀರು ಬೇಕಂತೆ," ಎನ್ನುತ್ತಿದ್ದೆ. ಹಾಗೆ ವಾರಗಟ್ಟಲೆ ನಡೆಯುತ್ತಿತ್ತು.

ಈ ಸಲದ ಸಿಟ್ಟಿಗೆ ಕಾರಣ ಅತ್ತಿಗೆ ಕೇಳಿದ ಒಂದು ಮಾತು. ಅವಳಿಗೆ ಆಗ ಐದು ತಿಂಗಳು. ಅವಳಿಗೆ ತಾಯಿ ಇಲ್ಲ, ತವರೆಂದರೆ ಅಹಮದಾಬಾದಿನ ನವರಂಗಪುರದಲ್ಲಿರುವ ಅಣ್ಣ ಪಾಂಡುರಂಗ, ಅವರ ಹೆಂಡತಿ ಶಾಂತಾ. ಪಾಂಡುರಂಗ ಬ್ಯಾಂಕಿನಲ್ಲಿದ್ದರು. "ಹೆರಿಗೆಗೆ ಅಣ್ಣನಲ್ಲಿಗೆ ಹೋಗ್ಲಾ?" ಎಂದು ಅತ್ತಿಗೆ ಕೇಳಿದಳು. ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ಕ್ರಮ. ಕೇಳಬೇಕಾದ ಅಗತ್ಯವೇ ಇರಲಿಲ್ಲ.

"ಈಗ ಊರಿಡೀ ಪ್ಲೇಗ್ ಅಂತ ಓಡ್ತಾ ಉಂಟು. ಇವಳಿಗೆ ಅಹಮದಾಬಾದ್ ಬೇಕಂತೆ!" ಎಂದು ಅಣ್ಣ ನಕ್ಕ. "ಹೋಗುದಾದ್ರೆ ಹೋಗು. ಹೋದ್ರೆ ಅಲ್ಲಿಯೇ ಇರು, ಇಲ್ಲಿ ಬಾಗಿಲು ತಟ್ಟುದು ಬೇಡ."

ಪ್ಲೇಗಿನ ಮಾತು ಸುಳ್ಳಲ್ಲ. ಆ ವರ್ಷ, ತೊಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ, ಸೂರತ್‌ನಿಂದ ಬರುವ ರೈಲುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದರು. ನಮ್ಮ ಬೀದಿಯಲ್ಲೂ ಎಲ್ಲರ ಮೂಗಿಗೆ ಕರವಸ್ತ್ರ. ಔಷಧದ ಅಂಗಡಿಯಲ್ಲಿ ಮಾತ್ರೆ ಸಿಗುತ್ತಿರಲಿಲ್ಲ. ಆಗಲೇ ಅಣ್ಣ ಬೆಳಿಗ್ಗೆ ಹೋಟೆಲಿಗೆ ಹೋಗುವಾಗ ಜಾಲಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕತೊಡಗಿದ್ದು. "ಯಾರೂ ಒಳಗೆ ಬರುದು ಬೇಡ, ನೀವೂ ಹೊರಗೆ ಹೋಗುದು ಬೇಡ. ಬಸುರಿ ಇದ್ದಾಳೆ ಮನೆಯಲ್ಲಿ." ಅಮ್ಮನ ಹತ್ತಿರ ಇದ್ದ ಇನ್ನೊಂದು ಕೀಲಿಯನ್ನೂ, ಕಳೆದುಹೋದೀತೆಂದು ತೆಗೆದುಕೊಂಡು ಹೋದ. ತರಕಾರಿ, ಹಾಲು ಎಲ್ಲ ತಾನೇ ತಂದುಕೊಟ್ಟ.

"ಎಷ್ಟು ಜಾಗ್ರತೆ ನೋಡು ನನ್ನ ಮಗನಿಗೆ," ಎಂದಳು ಅಮ್ಮ.

ಪ್ಲೇಗಿನ ಸುದ್ದಿ ಇಳಿಯಿತು. ನವರಾತ್ರಿ ಬಂದು ಹೋಯಿತು, ಗರ್ಬಾದ ಹಾಡನ್ನು ನಾವು ಸರಳಿನ ಹಿಂದೆ ನಿಂತು ಕೇಳಿದೆವು. ದೀಪಾವಳಿಗೆ ಪಕ್ಕದ ಮನೆಯವರು ಅಂಗಳದಲ್ಲಿ ರಂಗೋಲಿ ಹಾಕಿದರು. ನಮ್ಮ ಬಾಗಿಲಿನ ಬೀಗ ಹಾಗೆಯೇ ಇತ್ತು.

ಪಕ್ಕದ ಮನೆಯ ಹಂಸಾಬೆನ್ ಮನೆಯಲ್ಲೇ ಖಾಖರಾ ಸುಟ್ಟು ಮಾರುವವರು. ತೆಳ್ಳಗೆ ಹಪ್ಪಳದಂತಿರುವ ಗೋಧಿ ರೊಟ್ಟಿ ಅದು. ಅವರ ಗಂಡ ಜಯಂತಿಭಾಯಿ ಕೊಯಾಲಿಯ ರಿಫೈನರಿಯಿಂದ ನಿವೃತ್ತರಾಗಿದ್ದರು. ಹಂಸಾಬೆನ್ ದಿನವೂ ಜಾಲಿಯ ಹೊರಗೆ ನಿಂತು ಮಾತಾಡಿಸುತ್ತಿದ್ದರು. ಅಮ್ಮನಿಗೆ ಗುಜರಾತಿ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಹೇಳಿದರೆ ನಾನು ಅದನ್ನು ಗುಜರಾತಿಯಲ್ಲಿ ಹೇಳಬೇಕಿತ್ತು.

"ಯಶೋದಾಬೆನ್, ನಿಮ್ಮ ಮನೆ ಬ್ಯಾಂಕಿನ ಲಾಕರ್ ಆಯಿತಲ್ಲ. ಒಳಗೆ ಎಷ್ಟು ಬಂಗಾರ ಇಟ್ಟಿದ್ದೀರಿ?" ಎಂದು ಒಂದು ದಿನ ಅವರು ಕೇಳಿದರು.

"ಅವಳಿಗೆ ಹೇಳು ವೇಣಿ, ನನ್ನ ಮಗ ಹೆಂಡತಿಯನ್ನೇ ಬಂಗಾರದ ಹಾಗೆ ನೋಡಿಕೊಳ್ತಾನೆ ಅಂತ," ಎಂದಳು ಅಮ್ಮ.

ನಾನು ಹೇಳಿದೆ. ಹಂಸಾಬೆನ್ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಬಂಗಾರ ಪಾಪ, ಅದಕ್ಕೆ ಗಾಳಿ ಬೇಡ, ಬಿಸಿಲು ಬೇಡ," ಎಂದು ಹೇಳಿ ಅವರು ನಾಲ್ಕು ಖಾಖರಾವನ್ನು ಸರಳಿನ ನಡುವಿನಿಂದ ಒಳಗೆ ಕೊಟ್ಟರು. ಅಗಲವಾದವು ಒಳಗೆ ಬರಲು ಅರ್ಧಕ್ಕೆ ಮುರಿಯಬೇಕಾಗುತ್ತಿತ್ತು. ಮರುದಿನದಿಂದ ಅವರು ನಮಗೋಸ್ಕರ ಸಣ್ಣ ಸಣ್ಣದಾಗಿಯೇ ಲಟ್ಟಿಸಿದರು.

ಅತ್ತಿಗೆ ಒಮ್ಮೆ ಅಮ್ಮನನ್ನೇ ಕೇಳಿದಳು. "ಅತ್ತೆ, ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ ಇವರು."

"ಎಂಥ ಹೇಳುದು? ಕುಡಿತಾನಾ? ಹೊಡಿತಾನಾ?" ಅಮ್ಮ ತನ್ನ ಎಡಗೈ ಎತ್ತಿ ಹಿಡಿದಳು. ಆ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು, ಅಪ್ಪ ಒನಕೆಯಿಂದ ಹೊಡೆದದ್ದು. "ಇದು ನೋಡಿದ್ದೀಯಲ್ಲ? ನಿನ್ನ ಮೈಮೇಲೆ ಎಲ್ಲಿಯಾದ್ರೂ ಒಂದು ಗುರುತು ಉಂಟಾ? ಸುಮ್ಮನೆ ಎಂತಕ್ಕೆ ಅಳುದು ಮಾರಾಯ್ತಿ. ಹೆರಿಗೆ ಆಗ್ಲಿ, ಎಲ್ಲ ಸರಿಯಾಗ್ತದೆ."

"ಗುರುತು ಇಲ್ಲ ಅತ್ತೆ," ಎಂದು ಅತ್ತಿಗೆ ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಆದರೆ ಅವಳ ಕಾಲು ಊದಿಕೊಳ್ಳತೊಡಗಿತ್ತು. ಆಸ್ಪತ್ರೆಗೆ ಹೋಗಿ ಬಂದು ಎರಡು ತಿಂಗಳಾಗಿತ್ತು. ಅಣ್ಣನಿಗೆ ನಾನೇ ಹೇಳಿದೆ. "ಅವಳಿಗೆ ಹೇಳು, ಉಪ್ಪು ಕಡಿಮೆ ತಿನ್ನಲಿಕ್ಕೆ," ಎಂದ.

ನವೆಂಬರಿನ ಒಂದು ಮಧ್ಯಾಹ್ನ ಅತ್ತಿಗೆ ಒಲೆಯ ಮುಂದೆ ನಿಂತವಳು ಹಾಗೆಯೇ ಕುಸಿದಳು. ಸಾರಿನ ಪಾತ್ರೆ ಉರುಳಿತು. ಪುಣ್ಯಕ್ಕೆ ಅದು ಅವಳ ಮೈಮೇಲೆ ಬೀಳಲಿಲ್ಲ. ಮುಖ ಬೂದಿಯ ಹಾಗಾಗಿತ್ತು. ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ವೇಣಿ, ಕೂಗು! ಯಾರನ್ನಾದ್ರೂ ಕೂಗು!" ಎಂದಳು. ನನಗೆ ಬೀದಿಗೆ ಕೇಳುವ ಹಾಗೆ ಕೂಗಿ ಅಭ್ಯಾಸವೇ ಇರಲಿಲ್ಲ. ಜಾಲಿಗೆ ಲೋಟದಿಂದ ಬಡಿದೆ.

ಹಂಸಾಬೆನ್ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಜಯಂತಿಭಾಯಿ ಸ್ಕೂಟರ್ ಹತ್ತಿ ಹೋಟೆಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಬ್ಬರೇ ಮರಳಿದರು.

"ಊಟದ ರಶ್ ಇದೆಯಂತೆ. ಮುಗಿಸಿ ಬರ್ತೇನೆ ಅಂದ."

"ಕೀಲಿ?" ಎಂದರು ಹಂಸಾಬೆನ್.

"ಕೇಳಿದೆ. ನಾನೇ ತರ್ತೇನೆ ಅಂದ." ಜಯಂತಿಭಾಯಿಯ ಮುಖ ಕೆಂಪಾಗಿತ್ತು. "ಸುತ್ತಿಗೆ ತರ್ತೇನೆ, ಬೀಗ ಒಡೆಯುವ."

ಅಮ್ಮ ಒಳಗಿನಿಂದ ಕೈ ಆಡಿಸಿದಳು. "ಬೇಡ ಬೇಡ. ಬೀದಿಯಲ್ಲಿ ಮಗನ ಮರ್ಯಾದೆ ಹೋಗ್ತದೆ. ಈಗ ಬರ್ತಾನೆ."

ಹಂಸಾಬೆನ್ ಮತ್ತೆ ಅಮ್ಮನ ಹತ್ತಿರ ಮಾತಾಡಲಿಲ್ಲ. ಮೂಲೆಯ ಕ್ಲಿನಿಕ್ಕಿನ ಲೇಡಿ ಡಾಕ್ಟರನ್ನು ಕರೆತಂದರು. ನಾನೂ ಅಮ್ಮನೂ ಸೇರಿ ಅತ್ತಿಗೆಯನ್ನು ಮೆಲ್ಲನೆ ಜಾಲಿಯ ಹತ್ತಿರಕ್ಕೆ ತಂದು ಚಾಪೆಯ ಮೇಲೆ ಕೂರಿಸಿದೆವು. ಡಾಕ್ಟರ್ ಹೊರಗೆ ಮೆಟ್ಟಿಲ ಮೇಲೆ ಕುಳಿತರು. ಅತ್ತಿಗೆ ಸರಳಿನ ನಡುವಿನಿಂದ ಕೈ ಹೊರಗೆ ಚಾಚಿದಳು. ಡಾಕ್ಟರ್ ಅದಕ್ಕೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವನೂ ಗಾಡಿ ನಿಲ್ಲಿಸಿದ.

"ಏರಿದೆ," ಎಂದರು ಡಾಕ್ಟರ್. "ಇವರು ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕು, ವಾರ ವಾರ ತೋರಿಸಬೇಕು. ಹೀಗೆ ಬಿಟ್ಟರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ." ಆಮೇಲೆ ಬೀಗ ನೋಡಿ, "ಇವರನ್ನು ಯಾಕೆ ಒಳಗಿಟ್ಟಿದ್ದೀರಿ?" ಎಂದು ಕೇಳಿದರು.

"ಅಮ್ಮಾ, ಡಾಕ್ಟರ್ ಕೇಳ್ತಾ ಇದ್ದಾರೆ," ಎಂದೆ.

ಅಮ್ಮ ಸೆರಗಿನಿಂದ ಅತ್ತಿಗೆಯ ಮುಖ ಒರೆಸತೊಡಗಿದಳು.

ಅಣ್ಣ ಬಂದದ್ದು ಹೋಟೆಲಿನ ಊಟವೆಲ್ಲ ಮುಗಿದ ಮೇಲೆ. ಬೀಗ ತೆಗೆದು ಒಳಗೆ ಬಂದು, ಅತ್ತಿಗೆ ಮಲಗಿದ್ದನ್ನು ನೋಡಿ, "ಡಾಕ್ಟರ್ ಮನೆಗೇ ಬಂದ್ರಂತಲ್ಲ, ಇನ್ನೆಂಥ ಬೇಕು? ರಾಣಿಯ ಹಾಗೆ!" ಎಂದು ನಕ್ಕ. "ವೇಣಿ, ಅವಳಿಗೆ ಹೇಳು, ಬೀದಿಯವರನ್ನೆಲ್ಲ ಸೇರಿಸಿ ನಾಟಕ ಮಾಡುದು ನನಗೆ ಆಗುದಿಲ್ಲ ಅಂತ."

ನಾನು ಹೇಳುವ ಮೊದಲೇ ಅಮ್ಮ ಎದ್ದಳು. "ಸದಾಶಿವ, ಜಯಂತಿಭಾಯಿ ಹೇಳಿದಾಗ ನೀನು ಎಂಥ ಮಾಡ್ತಾ ಇದ್ದೆ?"

"ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದೆ ಅಮ್ಮ. ಅಷ್ಟು ಜನ ಉಣ್ತಾ ಇದ್ದರು."

"ಕೀಲಿ ಆದ್ರೂ ಕೊಡಬಹುದಿತ್ತಲ್ಲ?"

"ಕಂಡವರ ಕೈಗೆ ಮನೆ ಕೀಲಿ ಕೊಡುದಾ? ನಿಮ್ಮನ್ನೆಲ್ಲ ಸಾಕುದು ನಾನು. ಅಪ್ಪನ ಹಾಗೆ ಕುಡಿದು ಬರ್ತೇನಾ? ಒಂದು ದಿನ ಕೈ ಎತ್ತಿದ್ದೇನಾ? ನೀನೇ ಹೇಳು."

ಅವನು ಕೈತೊಳೆದು ಕ್ಯಾರಿಯರ್ ಬಿಚ್ಚಿದ, ಉಂಡ, ಸಂಜೆಯ ತಿಂಡಿಯ ಹೊತ್ತಿಗೆ ಮತ್ತೆ ಬೀಗ ಹಾಕಿ ಹೋದ.

ಆಮೇಲೆ ಅಮ್ಮ ಅತ್ತಿಗೆಯ ಕಾಲಿನ ಹತ್ತಿರ ಕುಳಿತು ಎಣ್ಣೆ ತಿಕ್ಕಿದಳು. ಅತ್ತೆ ಕಾಲು ಮುಟ್ಟುವುದೆಂದು ಅತ್ತಿಗೆ ಕಾಲು ಎಳೆದುಕೊಂಡಳು. ಅಮ್ಮ ಬಿಡಲಿಲ್ಲ.

"ಇವಳ ಮಾವ ನನಗೆ ಹೊಡೆಯುವಾಗ ನನ್ನ ಬೊಬ್ಬೆ ಆಚೆಗೆಲ್ಲ ಕೇಳ್ತಿತ್ತು," ಎಂದಳು, ಯಾರಿಗೆ ಹೇಳುತ್ತಿದ್ದಾಳೆಂದು ಗೊತ್ತಾಗದ ಹಾಗೆ. "ಆಚೆ ಮನೆಯ ಸುಶೀಲಕ್ಕ ಓಡಿ ಬರ್ತಿದ್ದರು, ನಾಲ್ಕು ಜನ ಬಿಡಿಸ್ತಿದ್ದರು. ಮರುದಿನ ಹಿರಿಯರು ಕೂರಿಸಿ ಬೈತಿದ್ದರು. ಇದಕ್ಕೆ ಯಾರು ಓಡಿ ಬರುದು? ಬಂದವರನ್ನೂ ನಾನೇ ಬೇಡ ಹೇಳಿದೆ." ಸ್ವಲ್ಪ ಹೊತ್ತು ತಿಕ್ಕಿ, "ಇದೂ ಹೊಡೆತವೇ ಮಗಾ. ನನಗೆ ಗೊತ್ತಾಗ್ಲಿಲ್ಲ," ಎಂದಳು.

ಅತ್ತಿಗೆ ಅತ್ತಳು. ಅಮ್ಮ ಅವಳನ್ನು 'ಮಗಾ' ಎಂದದ್ದು ಅದೇ ಮೊದಲು.

"ನನ್ನನ್ನು ಅಣ್ಣನಲ್ಲಿಗೆ ಕಳಿಸಿ ಅತ್ತೆ. ಇಲ್ಲಿ ನಾನು ಉಳಿಯುದಿಲ್ಲ."

"ಕಳಿಸ್ತೇನೆ. ಹೇಗೆ ಅಂತ ಗೊತ್ತಿಲ್ಲ, ಕಳಿಸ್ತೇನೆ."

ಹೇಗೆ ಎಂಬುದನ್ನು ಹೇಳಿಕೊಟ್ಟವರು ಹಂಸಾಬೆನ್. ಎರಡು ದಿನ ಮುನಿಸಿಕೊಂಡಿದ್ದ ಅವರನ್ನು ಅಮ್ಮ ಜಾಲಿಯ ಹತ್ತಿರ ಕರೆದು, ನನ್ನ ಕೈಯಲ್ಲಿ ಅಲ್ಲ, ತನ್ನ ಮುರುಕು ಗುಜರಾತಿಯಲ್ಲೇ, ತಪ್ಪಾಯಿತೆಂದು ಹೇಳಿದಳು. ಹಂಸಾಬೆನ್ ಸರಳಿನ ನಡುವಿನಿಂದ ಅಮ್ಮನ ಆ ಸೊಟ್ಟ ಕೈ ಹಿಡಿದುಕೊಂಡರು.

"ಏಳನೆಯ ತಿಂಗಳಿಗೆ ನೀವೇನು ಮಾಡ್ತೀರಿ?" ಎಂದು ಕೇಳಿದರು.

"ಬಯಕೆ ಮಾಡ್ತೇವೆ. ಸೀರೆ ಉಡಿಸಿ, ಹೂ ಮುಡಿಸಿ, ಬೇಕಾದ್ದು ತಿನ್ನಿಸುದು. ಮತ್ತೆ ಒಂದು ಒಳ್ಳೆ ದಿನ ನೋಡಿ ತವರಿಗೆ."

"ನಮ್ಮಲ್ಲಿ ಮತ್ತೆ ದಿನ ನೋಡುವುದಿಲ್ಲ. ಮಡಿಲು ತುಂಬಿದ ಮೇಲೆ ಹುಡುಗಿ ಗಂಡನ ಮನೆಯಲ್ಲಿ ನಿಲ್ಲುವ ಹಾಗೇ ಇಲ್ಲ. ಆ ಮಣೆಯಿಂದ ಎದ್ದವಳು ನೇರ ತವರಿಗೆ." ಅವರು ಅಮ್ಮನ ಮುಖ ನೋಡಿದರು. "ನಿಮ್ಮ ಮಗನಿಗೆ ಇದು ಗೊತ್ತೇ?"

ಅಮ್ಮ ನನ್ನ ಕಡೆ ತಿರುಗಿದಳು. ಗೊತ್ತಿರಲಿಕ್ಕಿಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ. ಅಣ್ಣ ಹದಿನೈದು ವರ್ಷದಿಂದ ಗುಜರಾತಿಗಳಿಗೆ ಉಣ್ಣಿಸಿದವನು. ಅವರ ಸಾಂಬಾರಿಗೆ ಎಷ್ಟು ಬೆಲ್ಲ ಬೇಕೆಂದು ಅವನಿಗೆ ಗೊತ್ತಿತ್ತು. ಅವರ ಮನೆಯ ಒಳಗೆ ಒಂದು ದಿನವೂ ಕುಳಿತವನಲ್ಲ.

ಅಂದು ರಾತ್ರಿಯ ಊಟಕ್ಕೆ ಅಮ್ಮ ಅವನಿಗೆ ಹೇಳಿದಳು: "ಬಯಕೆ ಇಲ್ಲಿಯ ಕ್ರಮದಲ್ಲಿ, ಈ ಮನೆಯಲ್ಲೇ ಮಾಡುವ. ಸೊಸೈಟಿಯ ಹೆಂಗಸರನ್ನೆಲ್ಲ ಕರೆಯುವ. ಹಂಸಾಬೆನ್ ಮಾಡಿಸ್ತಾಳಂತೆ."

ಅಣ್ಣನಿಗೆ ಖುಷಿಯಾಯಿತು. "ಮನೆಯಲ್ಲೇ ಅಲ್ವಾ? ಒಳ್ಳೆದಾಯ್ತು. ತಿಂಡಿ ನನ್ನ ಲೆಕ್ಕ. ಮೈಸೂರ್ ಪಾಕ್ ಮಾಡಿಸ್ತೇನೆ, ಬರೀ ತುಪ್ಪದ್ದು. ಮಂಜಲ್‌ಪುರ ಒಂದು ತಿಂಗಳು ಮಾತಾಡಬೇಕು!"

"ಮಾತಾಡ್ತದೆ," ಎಂದಳು ಅಮ್ಮ.

ಹಂಸಾಬೆನ್ ಎಸ್‌ಟಿಡಿ ಬೂತಿನಿಂದ ನವರಂಗಪುರಕ್ಕೆ ಫೋನ್ ಮಾಡಿದರು. ಪಾಂಡುರಂಗ ಎಷ್ಟೋ ಸಲ ಹೋಟೆಲಿಗೆ ಫೋನ್ ಮಾಡಿದ್ದರಂತೆ. ಪ್ರತಿ ಸಲವೂ ಅಣ್ಣ, "ಅವಳು ಆರಾಮ ಇದ್ದಾಳೆ, ನಿಮ್ಮ ಹತ್ತಿರ ಮಾತಾಡಲಿಕ್ಕೆ ಮನಸ್ಸಿಲ್ಲವಂತೆ," ಎಂದಿದ್ದನಂತೆ. ಅದನ್ನು ಕೇಳಿ ಅತ್ತಿಗೆ ತುಂಬ ಹೊತ್ತು ಗೋಡೆಗೆ ಒರಗಿ ಕುಳಿತಳು.

ಡಿಸೆಂಬರಿನ ಮೊದಲ ವಾರ ಬಯಕೆ. ಬಾಗಿಲು ಹಾರುಹೊಡೆದಿತ್ತು, ಅಂಗಳದಲ್ಲಿ ಶಾಮಿಯಾನ. ಅತ್ತಿಗೆಗೆ ಅಮ್ಮ ತನ್ನ ಮದುವೆಯ ಹಸಿರು ಸೀರೆ ಉಡಿಸಿದಳು. ಹೆಂಗಸರು ಸಾಲಾಗಿ ಬಂದು ಅವಳ ಸೆರಗಿಗೆ ಅಕ್ಕಿ, ಅಡಿಕೆ, ತೆಂಗಿನಕಾಯಿ ಹಾಕಿದರು. ಲೇಡಿ ಡಾಕ್ಟರೂ ಬಂದಿದ್ದರು. ಪಾಂಡುರಂಗ, ಶಾಂತಾ ಬೆಳಿಗ್ಗೆಯೇ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ಅಣ್ಣ ಬಿಳಿ ಪಂಚೆ ಉಟ್ಟು ತಟ್ಟೆ ತಟ್ಟೆಗೆ ಮೈಸೂರ್ ಪಾಕ್ ಬಡಿಸಿದ, "ಇನ್ನೊಂದು ತಗೊಳ್ಳಿ ಕಾಕಿ, ಡಯಾಬಿಟಿಸ್ ನಾಳೆಯಿಂದ!" ಎಂದು ಎಲ್ಲರನ್ನೂ ನಗಿಸಿದ.

ಆಗ ಹಂಸಾಬೆನ್ ಅತ್ತಿಗೆಯನ್ನು ಮಣೆಯಿಂದ ಎಬ್ಬಿಸಿದರು. "ಚಾಲೋ ದೀಕರಿ, ನಡಿ ಮಗಳೇ, ತವರಿಗೆ ಹೊರಡು."

"ಇವತ್ತಾ?" ಅಣ್ಣನ ಕೈಯ ತಟ್ಟೆ ನಿಂತಿತು. "ಇವತ್ತು ಎಲ್ಲಿಗೆ?"

ಹೆಂಗಸರೆಲ್ಲ ನಕ್ಕರು. "ಅರೆ ಅನ್ನಾ, ಇಷ್ಟು ವರ್ಷ ಇಲ್ಲಿದ್ದು ಗೊತ್ತಿಲ್ಲವೇ? ಮಡಿಲು ತುಂಬಿದವಳು ಇನ್ನು ಒಳಗೆ ಹೋಗುವ ಹಾಗಿಲ್ಲ!" "ಹೆಂಡತಿಯನ್ನು ಬಿಟ್ಟಿರಲು ಆಗುವುದಿಲ್ಲವಂತೆ ನೋಡಿ!"

ಅಣ್ಣನೂ ನಕ್ಕ. ನಗುತ್ತಲೇ ಅಮ್ಮನ ಹತ್ತಿರ ಬಂದು, "ಎಂಥ ಇದು ಅಮ್ಮ?" ಎಂದ.

ಅಮ್ಮ ಮೆಲ್ಲನೆ ಕನ್ನಡದಲ್ಲಿ ಹೇಳಿದಳು. "ಹೀಗೇ ನಗ್ತಾ ಇರು. ಎಲ್ಲರೂ ನೋಡ್ತಾ ಇದ್ದಾರೆ."

ಅವನು ನನ್ನ ಕಡೆ ತಿರುಗಿದ. "ವೇಣಿ, ಅವಳಿಗೆ ಹೇಳು, ಒಳಗೆ ಹೋಗಲಿಕ್ಕೆ."

ನಾನು ಅತ್ತಿಗೆಯ ಕಡೆ ತಿರುಗಲಿಲ್ಲ. ಅಣ್ಣನಿಗೇ ಹೇಳಿದೆ. "ನೀನೇ ಹೇಳು ಅಣ್ಣ. ಅತ್ತಿಗೆ ಇಲ್ಲಿಯೇ ಇದ್ದಾರಲ್ಲ."

ಅವನಿಗೆ ಅವಳ ಹತ್ತಿರ ಮಾತಾಡುವುದಕ್ಕೆ ಆಗಲಿಲ್ಲ. ಅಷ್ಟು ಜನರ ನಡುವೆ ಅವಳನ್ನು ಏನೆಂದು ಕರೆಯಬೇಕೆಂದೇ ತೋಚಲಿಲ್ಲವೋ ಏನೋ. ಅತ್ತಿಗೆ ಅಮ್ಮನ ಕಾಲಿಗೆ ಬಗ್ಗಲು ಹೋದಳು. ಅಮ್ಮ ತಡೆದು, "ಬಗ್ಗುದು ಬೇಡ, ಬಿಪಿ ಉಂಟು," ಎಂದು ನನ್ನ ಕೈಗೆ ಬಟ್ಟೆಯ ಚೀಲ ಕೊಟ್ಟು, "ನೀನೂ ಹೋಗು ಇವಳ ಜೊತೆ," ಎಂದಳು.

"ಅಮ್ಮ, ನೀನು?"

"ಇವನನ್ನೂ ಹೆತ್ತವಳು ನಾನೇ ಅಲ್ವಾ. ನಾನು ಇಲ್ಲಿ ಇರ್ತೇನೆ."

ಟ್ಯಾಕ್ಸಿ ಹೈವೇಗೆ ಬಂದ ಮೇಲೆ ಅತ್ತಿಗೆ ಕಿಟಕಿಯ ಗಾಜು ಇಳಿಸಿದಳು. ಆನಂದ್ ಪೇಟೆ ದಾಟುವಾಗ ಹಸಿವಾಗುತ್ತದೆ ಎಂದಳು. ಶಾಂತಕ್ಕ ಬುತ್ತಿ ಬಿಚ್ಚಿದರು, ಮೊಸರನ್ನ. ಅತ್ತಿಗೆ ಬೆರಳು ನೆಕ್ಕಿ ಉಂಡಳು.

ನವರಂಗಪುರದ ಆ ಎರಡು ಕೋಣೆಯ ಮನೆಯಲ್ಲಿ ಶಾಂತಕ್ಕ ನಮ್ಮಿಬ್ಬರಿಗೆ ಒಳ್ಳೆಯ ಕೋಣೆ ಬಿಟ್ಟುಕೊಟ್ಟು ತಾವು ಹೊರಗೆ ಮಲಗಿದರು. ವಾರ ವಾರ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಯಾವತ್ತೂ "ಏನಾಯಿತು" ಎಂದು ಕೆದಕಲಿಲ್ಲ. ಅತ್ತಿಗೆ ತಾನಾಗಿ ಹೇಳಿದ ದಿನ ಕೆಲಸ ಬಿಟ್ಟು ಕುಳಿತು ಕೇಳಿದರು. ಸಂಜೆ ಅತ್ತಿಗೆಯೂ ನಾನೂ ಕಾಲೇಜಿನ ರಸ್ತೆಯಲ್ಲಿ ನಡೆದು ಬರುತ್ತಿದ್ದೆವು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಇಬ್ಬರೂ ಉಳಿದರು. ದೇವರಿಗೆ ಕೈ ಮುಗಿಯುವಾಗ ನಾನು ಹಂಸಾಬೆನ್, ಜಯಂತಿಭಾಯಿ, ಆ ಡಾಕ್ಟರ್, ಶಾಂತಕ್ಕ, ಎಲ್ಲರಿಗೂ ಸೇರಿಸಿಯೇ ಮುಗಿಯುತ್ತೇನೆ. ಎಲ್ಲರಿಗಿಂತ ಹೆಚ್ಚು ಅಮ್ಮನಿಗೆ.

ನಾಮಕರಣಕ್ಕೆ ಮೊದಲು ಒಂದು ಭಾನುವಾರ ಅಮ್ಮ ಬಂದಳು. ಜೊತೆಗೆ ಅಣ್ಣನೂ ಬಂದ. ಮೈಯಲ್ಲಿ ಸ್ವಲ್ಪ ಇಳಿದಿದ್ದ. ಪಾಂಡುರಂಗ ಕುರ್ಚಿ ಕೊಟ್ಟರು, ಶಾಂತಕ್ಕ ಕಾಫಿ ಕೊಟ್ಟರು. ಅತ್ತಿಗೆ ಮಂಚದ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದಳು.

"ಇನ್ನು ಹಾಗೆಲ್ಲ ಇಲ್ಲ," ಎಂದ ಅಣ್ಣ ಕಾಫಿಯ ಲೋಟ ನೋಡುತ್ತ.

"ಹಾಗೆ ಅಂದ್ರೆ ಹೇಗೆ?" ಅತ್ತಿಗೆ ನೇರ ಅವನನ್ನೇ ಕೇಳಿದಳು. "ಎಂಥ ಇನ್ನು ಇಲ್ಲ? ಬಾಯಿಬಿಟ್ಟು ಹೇಳಿ."

"ನಾನು ಒಂದು ಪೆಟ್ಟೂ ಹೊಡೆದವನಲ್ಲ. ಅದು ನಿನಗೂ ಗೊತ್ತುಂಟು."

"ಅದನ್ನೇ ನಾನೂ ಹೇಳಿಕೊಂಡು ಕೂತಿದ್ದೆ ಸದಾಶಿವ," ಎಂದಳು ಅಮ್ಮ. "ಅವಳು ಕೇಳಿದ್ದು ಅದಲ್ಲ."

ಅಣ್ಣ ಹೇಳುತ್ತಾನೆಂದು ನಾನು ಕಾದೆ. ಹೇಳಿದ್ದರೆ ಅತ್ತಿಗೆ ಕೇಳುತ್ತಿದ್ದಳು, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಗು ನಿದ್ದೆಯಲ್ಲಿ ತುಟಿ ಸೊಟ್ಟ ಮಾಡಿ ನಕ್ಕಿತು. ಅವನು ಲೋಟವನ್ನು ನೆಲದ ಮೇಲಿಟ್ಟು, ಪಂಚೆಗೆ ಎರಡೂ ಕೈ ಒರೆಸಿಕೊಂಡು, ಮುಂದಕ್ಕೆ ಚಾಚಿದ. ಮೊದಲು ಅಮ್ಮನನ್ನು ನೋಡಿದ, ಆಮೇಲೆ ನನ್ನನ್ನು, ಕೊನೆಗೆ ಅತ್ತಿಗೆಯನ್ನು.

"ಮಗುವನ್ನು ಒಂದು ಸಲ ನನ್ನ ಕೈಗೆ ಕೊಡಿ," ಎಂದ.

ಅತ್ತಿಗೆ ಮಗುವನ್ನು ತೊಡೆಯಲ್ಲೇ ಹಿಡಿದುಕೊಂಡು, ತಾನು ಕೇಳಿದ್ದಕ್ಕೆ ಉತ್ತರ ಕಾಯುತ್ತ ಅವನ ಮುಖವನ್ನೇ ನೋಡಿದಳು.